ನಾಲ್ಕನೇ ಡ್ರೈವಿನ ವಾಸನೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರನ್ನು ರೈಟರ್ ಎರಡು ಸಲ ಓದಿ, ಪೆನ್ನಿನ ಮುಚ್ಚಳ ಹಾಕಿ, ಎದುರಿಗೆ ಕೂತಿದ್ದವರ ಮುಖ ನೋಡಿದ. ದೂರು ತಂದವರು ಊರಾಚೆಯ ದೊಡ್ಡ ಗೋದಾಮಿನ ಯಜಮಾನರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಪೊಲೀಸರ ಜೊತೆ ಹುಡುಗಾಟ ಆಡಲು ಬಂದವರ ಹಾಗೆ ಕಾಣುತ್ತಿರಲಿಲ್ಲ.

"ವಾಸನೆ ಬರ್ತಿದೆ ಅಂತ ಕಂಪ್ಲೇಂಟಾ ಸಾರ್?"

"ಎಲ್ಲಿಂದ ಅಂತ ಓದಿದೆಯೇನಪ್ಪ? ಸಿಸಿಟಿವಿ ರೆಕಾರ್ಡಿಂಗ್ ಪೆಟ್ಟಿಗೆಯಿಂದ. ಅದರೊಳಗಿನ ಹಾರ್ಡ್ ಡ್ರೈವಿಂದ."

"ಇಲಿ ಸತ್ತಿರಬೇಕು."

"ಇಲಿ ಸತ್ತರೆ ಹಗಲೂ ರಾತ್ರಿ ನಾರುತ್ತೆ. ಇದು ಗೋದಾಮಿನಲ್ಲಿ ಓಡಾಟ ಶುರುವಾಗಿ, ಡ್ರೈವ್ ಜೋರಾಗಿ ಕೆಲಸ ಮಾಡೋವಾಗ ಬರುತ್ತೆ. ಸಂಜೆ ಬಾಗಿಲು ಹಾಕಿದ ಮೇಲೆ ಹೋಗುತ್ತೆ. ಸರ್ಕಾರಿ ಗುಮಾಸ್ತರ ಹಾಗೆ ಬಂದು ಹೋಗುತ್ತೆ."

ರೈಟರ್ ಸರ್ಕಾರಿ ಗುಮಾಸ್ತನೇ ಆಗಿದ್ದರಿಂದ ನಗಲಿಲ್ಲ. ಯಜಮಾನರು ಮುಂದುವರಿಸಿದರು. ಇನ್ಶೂರೆನ್ಸ್ ಕಂಪನಿಯವರು ಪರಿಶೀಲನೆಗೆ ಬಂದಾಗ ಕ್ಯಾಮೆರಾ ಕೋಣೆಯ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತರಂತೆ. ರಿಪೇರಿಯವನನ್ನು ಕರೆಸಿ ನೋಡಿಸಿದರೆ ಡ್ರೈವ್ ಚೆನ್ನಾಗಿದೆ ಎಂದನಂತೆ. ಚೆನ್ನಾಗಿರುವ ಡ್ರೈವ್ ನಾರುವುದು ಹೇಗೆ? ಯಾರೋ ಬೇಕೆಂದೇ ಏನೋ ಮಾಡುತ್ತಿದ್ದಾರೆ, ಬೆಂಕಿ ಬಿದ್ದರೆ ಗತಿಯೇನು, ಪೊಲೀಸರು ನೋಡಿ ಬರೆದುಕೊಡುವ ತನಕ ಏನನ್ನೂ ಮುಟ್ಟಬಾರದು, ಪಾಲಿಸಿಯನ್ನೂ ನವೀಕರಿಸುವುದಿಲ್ಲ ಎಂದು ಇನ್ಶೂರೆನ್ಸಿನವರು ಎದ್ದು ಹೋಗಿದ್ದರು.

ಒಳಗಿನ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೆಟ್ಟ ಜ್ವರ ಹಿಡಿದು ಮೂರು ವಾರ ಹಾಸಿಗೆಯಲ್ಲಿದ್ದು ಆಕೆ ಕೆಲಸಕ್ಕೆ ಮರಳಿ ವಾರವಾಗಿತ್ತು. ಜ್ವರ ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಕೊಂಡೊಯ್ದಿತ್ತು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಮನೆಯಲ್ಲಿ ಅಮ್ಮ ದಿನಾ ತಲೆ ತಿನ್ನುತ್ತಿದ್ದರು. ಠಾಣೆಯಲ್ಲಿ ಈ ಸಂಗತಿ ಎಲ್ಲರಿಗೂ ಗೊತ್ತಿತ್ತು, ಎತ್ತಿ ಆಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಅಂಥ ಠಾಣೆಗೇ ಈ ಕೇಸು ಹುಡುಕಿಕೊಂಡು ಬಂದಿತ್ತು.

"ಎಫ್‌ಐಆರ್ ಹಾಕು. ಅಪರಿಚಿತ ಆರೋಪಿ ಅಂತ ಬರಿ," ಎಂದರು ಇನ್ಸ್‌ಪೆಕ್ಟರ್, ಹೊರಗೆ ಬಂದು.

ದಫೇದಾರ್ ಜೀಪಿನ ಕೀಲಿ ತೆಗೆದುಕೊಂಡ. ಇಪ್ಪತ್ತೈದು ವರ್ಷ ಸರ್ವೀಸ್ ಆದ, ಹೊಟ್ಟೆಯಷ್ಟೇ ನೆನಪಿನ ಶಕ್ತಿಯೂ ದೊಡ್ಡದಿದ್ದ ಮನುಷ್ಯ. ದಾರಿಯಲ್ಲಿ ಹಳೆಯದನ್ನು ಕೆದಕಿದ.

"ಇದೇ ಗೋದಾಮು ಮೇಡಂ, ನೀವು ರಜೆಯಲ್ಲಿದ್ದಾಗ ಆಕ್ಸಿಡೆಂಟ್ ಆಗಿದ್ದು. ಹಿಂದಿನ ಸಾಲಲ್ಲಿ ಕಬ್ಬಿಣದ ರ‍್ಯಾಕ್ ಬಿದ್ದು ಒಬ್ಬ ಲೋಡರ್ ಕಾಲು ಜಜ್ಜಿಹೋಯ್ತು. ತಲೆಗೂ ಪೆಟ್ಟು ಬಿದ್ದು ಅವನಿಗೆ ಅವತ್ತಿನದೇನೂ ನೆನಪಿಲ್ಲ. ಫೋರ್ಕ್‌ಲಿಫ್ಟ್ ಡ್ರೈವರ್ ಕುಡಿದು ಗಾಡಿ ಗುದ್ದಿದ. ಈಗ ಜೈಲಲ್ಲಿದ್ದಾನೆ."

"ಕುಡಿದಿದ್ದಕ್ಕೆ ರಕ್ತ ಪರೀಕ್ಷೆ ಆಯ್ತಾ?"

"ದೂರು ಬಂದಿದ್ದೇ ಮಾರನೇ ದಿನ. ಅಷ್ಟೊತ್ತಿಗೆ ಏನು ಸಿಗುತ್ತೆ? ಬಾಯಿಂದ ವಾಸನೆ ಬರ್ತಿತ್ತು ಅಂತ ಮ್ಯಾನೇಜರ್ ಹೇಳಿಕೆ ಕೊಟ್ಟಿದ್ದಾರೆ. ಅವನು ಹಳೇ ಕುಡುಕ, ಅದು ಊರಿಗೇ ಗೊತ್ತು. ಕುಡಿದಿರಲಿಲ್ಲ ಅಂತ ಗೋಗರೆದ ಪಾಪ, ನಂಬೋರ್‍ಯಾರು?"

"ಕ್ಯಾಮೆರಾ?"

"ಆ ಸಾಲಿನದು ಅವತ್ತು ಕೆಟ್ಟಿತ್ತಂತೆ. ಮ್ಯಾನೇಜರೇ ಬರೆದುಕೊಟ್ಟರು."

ಇನ್ಸ್‌ಪೆಕ್ಟರ್ ಹೂಂ ಎಂದರು. ಕೇಸಿನ ಚಾರ್ಜ್‌ಶೀಟು ಈ ವಾರವೇ ಹೋಗಬೇಕಿತ್ತು. ಹೋದರೆ ಆ ಮನುಷ್ಯ ವರ್ಷಗಟ್ಟಲೆ ಕಂಬಿ ಎಣಿಸುವುದು ಖಂಡಿತ.

ಕ್ಯಾಮೆರಾ ಕೋಣೆ ಗೋದಾಮಿನ ಮಹಡಿಯ ಮೇಲಿತ್ತು. ಗೋಡೆಯ ತುಂಬ ಪರದೆಗಳು, ಅವುಗಳ ಮುಂದೆ ಒಂದು ಕುರ್ಚಿ, ಗಾಜಿನ ಬಾಗಿಲಿನ ಆಚೆ ಸಣ್ಣ ಗೂಡಿನಂಥ ಕೋಣೆಯಲ್ಲಿ ರೆಕಾರ್ಡಿಂಗ್ ಪೆಟ್ಟಿಗೆ. ಪೆಟ್ಟಿಗೆಗೆ ಮುಖ ಮಾಡಿ ಒಂದು ಟೇಬಲ್ ಫ್ಯಾನ್ ತಿರುಗುತ್ತಿತ್ತು. ಕಿಟಕಿಯನ್ನು ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರು. ದಫೇದಾರ್ ಒಳಗೆ ಕಾಲಿಟ್ಟವನೇ ಮುಖ ಹಿಂಡಿದ. ಇನ್ಸ್‌ಪೆಕ್ಟರ್ ಅವನ ಮುಖ ನೋಡಿಕೊಂಡು ತಾವೂ ಕರವಸ್ತ್ರ ತೆಗೆದರು. ಜ್ವರ ಬಿಟ್ಟ ಮೇಲೆ ಅವರು ಕಲಿತ ವಿದ್ಯೆ ಅದು. ಮೊದಲು ಪಕ್ಕದವರ ಮುಖ ನೋಡುವುದು, ಆಮೇಲೆ ತಮ್ಮ ಮುಖ ಸರಿಮಾಡಿಕೊಳ್ಳುವುದು.

ವಾಸನೆ ಎಂಥದ್ದು ಎಂದು ಒಬ್ಬೊಬ್ಬರನ್ನೇ ಕೇಳಿದರು. ಯಜಮಾನರು ಸುಟ್ಟ ವೈರು ಎಂದರು. ದಫೇದಾರ್ ನೆನೆದ ನಾಯಿ ಎಂದ. ಮ್ಯಾನೇಜರ್ ತೆಳ್ಳಗೆ, ಚುರುಕಾದ ಮನುಷ್ಯ. ಅಂಥಾದ್ದೇನಿಲ್ಲ, ಹಳೇ ಕಟ್ಟಡ, ಮುಗ್ಗಲು ಎಂದು ಗಾಳಿಗೆ ತೂರಿದ. ಪರದೆಗಳ ಮುಂದೆ ಕೂತು ದಿನವಿಡೀ ನೋಡುವ ಕೆಲಸದವಳು ನಲವತ್ತು ದಾಟಿದ ಹೆಂಗಸು. ಗೋದಾಮಿನವರೆಲ್ಲ ಆಕೆಯನ್ನು ಕ್ಯಾಮೆರಾ ಅಕ್ಕ ಎಂದೇ ಕರೆಯುತ್ತಿದ್ದರು.

"ನಿಮಗೆ ಹೇಗೆ ಬರುತ್ತಮ್ಮ?"

"ತುಂಬಾ ಕೆಟ್ಟ ವಾಸನೆ ಮೇಡಂ. ಸುಟ್ಟ ವೈರಿನದು. ತಲೆ ನೋಯುತ್ತೆ."

"ಯಾವತ್ತಿಂದ?"

"ಒಂದು ಹದಿನೈದು ದಿನದಿಂದ. ನಾಲ್ಕನೇ ಡ್ರೈವಿಂದ ಬರ್ತಿದೆ ಅಂತ ಮೊದಲ ದಿನವೇ ಮ್ಯಾನೇಜರ್ ಸಾರಿಗೆ ಹೇಳಿದ್ದೆ."

ಯಜಮಾನರು ಗಕ್ಕನೆ ತಿರುಗಿದರು. "ಹದಿನೈದು ದಿನವಾ? ಮತ್ತೆ ಅದನ್ನ ಕಿತ್ತು ಮರಳು ಪೆಟ್ಟಿಗೆಗೆ ಯಾಕೆ ಹಾಕಲಿಲ್ಲ?"

ಹಿಂದೊಮ್ಮೆ ಸಣ್ಣ ಬೆಂಕಿ ಬಿದ್ದ ಮೇಲೆ ಈ ಗೋದಾಮಿನಲ್ಲಿ ಒಂದು ಕಟ್ಟುನಿಟ್ಟು ಮಾಡಿದ್ದರು. ಯಾವ ಯಂತ್ರದಿಂದ ಸುಟ್ಟ ವಾಸನೆ ಬಂದರೂ ಅದನ್ನು ಆ ಕ್ಷಣ ಕಳಚಿ ಹಿತ್ತಲಿನ ಮರಳು ತುಂಬಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ಪೆಟ್ಟಿಗೆಯ ಬೀಗದ ಕೀಲಿ ಯಜಮಾನರ ಸೊಂಟದಲ್ಲಿ. ಅವರು ಬಂದು ನೋಡುವ ತನಕ ಮ್ಯಾನೇಜರೂ ಮುಟ್ಟುವ ಹಾಗಿಲ್ಲ.

"ಸಣ್ಣ ವಿಷಯಕ್ಕೆ ರೆಕಾರ್ಡಿಂಗ್ ನಿಲ್ಲಿಸೋದು ಬೇಡ ಅಂತ ಫ್ಯಾನ್ ಇಡಿಸಿದೆ ಸಾರ್," ಎಂದ ಮ್ಯಾನೇಜರ್.

ಇನ್ಸ್‌ಪೆಕ್ಟರ್‌ಗೆ ಈ ಉತ್ತರ ರುಚಿಸಲಿಲ್ಲ. ರಿಪೇರಿಯವನನ್ನು ಮತ್ತೆ ಕರೆಸಲು ಹೇಳಿ, ಪಂಚರಾಗಿ ಪಕ್ಕದ ಬೀದಿಯ ಟೈಲರನ್ನೂ ಸೈಕಲ್ ಅಂಗಡಿಯವನನ್ನೂ ಕರೆತರಲು ದಫೇದಾರನನ್ನು ಅಟ್ಟಿದರು.

ರಿಪೇರಿಯವನ ತಲೆಯ ತುಂಬ ಗುಂಗುರು ಕೂದಲು. ಗುಂಗುರು ಎಂದೇ ಅವನನ್ನು ಕರೆಯುತ್ತಿದ್ದರು, ಅವನಿಗೆ ಬೇಜಾರೇನೂ ಇರಲಿಲ್ಲ. ಪೊಲೀಸರನ್ನು ಕಂಡದ್ದೇ, ಯಾರೂ ಕೇಳುವ ಮೊದಲೇ ಶುರುಮಾಡಿದ.

"ನಾನು ಹೊಸ ಡ್ರೈವೇ ಹಾಕಿದ್ದು ಮೇಡಂ. ಹಳೇದಕ್ಕೆ ಬಣ್ಣ ಹೊಡೆದು ಮಾರೋ ಪೈಕಿ ನಾನಲ್ಲ."

"ನಿನ್ನ ಮೇಲೆ ಯಾರೂ ಹೇಳಿಲ್ಲ. ವಾಸನೆ ಎಲ್ಲಿಂದ ಅಂತ ಪತ್ತೆ ಹಚ್ಚಬೇಕು. ಹೇಗೆ ಮಾಡ್ತೀಯ?"

ಕೆಲಸದ ಮಾತು ಬಂದದ್ದೇ ಅವನ ಹೆದರಿಕೆ ಇಳಿಯಿತು. ಪೆಟ್ಟಿಗೆಯಲ್ಲಿ ಆರು ಡ್ರೈವ್‌ಗಳಿವೆ, ಒಂದೊಂದೂ ಒಂದೊಂದು ತಟ್ಟೆಯ ಮೇಲೆ ಕೂತು ತನ್ನ ಗೂಡಿನೊಳಗೆ ಜಾರಿಕೊಂಡಿದೆ ಎಂದು ವಿವರಿಸಿದ. ಒಂದೊಂದು ಡ್ರೈವಿಗೆ ನಾಲ್ಕು ಕ್ಯಾಮೆರಾಗಳ ಚಿತ್ರ ಹೋಗುತ್ತದೆ. ಡ್ರೈವ್ ತುಂಬಿದರೆ ಹೊಸ ಚಿತ್ರ ಹಳೆಯ ಚಿತ್ರದ ಮೇಲೇ ಕೂರುತ್ತದೆ, ಹಳೆಯದು ಅಳಿಯುತ್ತದೆ. ಬೇಕೆಂದಾಗ ಕೈಯಿಂದ ಅಳಿಸಲು ಈ ಪೆಟ್ಟಿಗೆ ಬಿಡುವುದಿಲ್ಲ. ನಾಲ್ಕನೆಯದು ಗೋದಾಮಿನ ಹಿಂದಿನ ಸಾಲುಗಳದ್ದು.

"ವಾಸನೆ ಕರೆಂಟಿನ ಡಬ್ಬದಿಂದ ಬರಬಹುದು, ಗೂಡಿನ ಕನೆಕ್ಷನ್ನಿಂದ ಬರಬಹುದು, ಇಲ್ಲಾ ಡ್ರೈವಿಂದಲೇ ಬರಬಹುದು. ನಾಲ್ಕನೇದನ್ನ ಒಂದನೇ ಗೂಡಿಗೆ ಹಾಕಿ, ಒಂದನೇದನ್ನ ನಾಲ್ಕಕ್ಕೆ ಹಾಕಿ ದುಡಿಸೋಣ. ವಾಸನೆ ಗೂಡಲ್ಲೇ ಉಳಿಯುತ್ತೋ, ಡ್ರೈವಿನ ಹಿಂದೆ ಹೋಗುತ್ತೋ ಗೊತ್ತಾಗುತ್ತೆ."

"ದುಡಿಸೋದು ಅಂದ್ರೆ ಹೊಸದು ಬರೆಸಲೇಬೇಕಾ?"

"ಬೇಡ. ಇರೋದನ್ನ ಒಂದೇ ಸಮ ಓದಿಸಿದರೂ ಬಿಸಿಯಾಗುತ್ತೆ."

"ಹಾಗಾದ್ರೆ ಓದಿಸು. ಒಂದಕ್ಷರ ಹೊಸದು ಅದರ ಮೇಲೆ ಕೂರಬಾರದು."

"ಮಾಮೂಲಿ ರೆಕಾರ್ಡಿಂಗ್ ಹಾಗೇ ನಡೀಲಿ ಮೇಡಂ," ಎಂದು ಮ್ಯಾನೇಜರ್ ನಡುವೆ ಬಾಯಿ ಹಾಕಿದ. "ನಿಲ್ಲಿಸಿದ್ರೆ ಕಳ್ಳತನ ಆದರೆ ಯಾರು ಜವಾಬ್ದಾರಿ?"

"ನಾನು," ಎಂದರು ಇನ್ಸ್‌ಪೆಕ್ಟರ್.

ಗುಂಗುರು ಡ್ರೈವ್‌ಗಳನ್ನು ಅದಲುಬದಲು ಮಾಡಿದ. ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿದರು. ಪಂಚರು, ಯಜಮಾನರು, ಮ್ಯಾನೇಜರ್, ಕ್ಯಾಮೆರಾ ಅಕ್ಕ, ದಫೇದಾರ್ ಎಲ್ಲರೂ ಗಾಜಿನ ಬಾಗಿಲ ಬಳಿ ಸಾಲಾಗಿ ನಿಂತರು. ಪೆಟ್ಟಿಗೆ ಗುಂಯ್ ಎನ್ನತೊಡಗಿತು. ಹೆಣ್ಣು ನೋಡಲು ಬಂದವರ ಹಾಗೆ ಎಲ್ಲರೂ ಗಂಭೀರವಾಗಿ ಕಾದರು. ವಾಸನೆ ತಮಗೆ ತಿಳಿಯುವಂತಿಲ್ಲವಾದ್ದರಿಂದ ಇನ್ಸ್‌ಪೆಕ್ಟರ್ ಪೆಟ್ಟಿಗೆಗೆ ಬೆನ್ನು ಮಾಡಿ ಆ ಸಾಲಿನ ಮುಖಗಳಿಗೆ ಎದುರಾಗಿ ನಿಂತರು.

ಅರ್ಧ ಗಂಟೆಯ ಮೇಲೆ ಟೈಲರ್ ಮೊದಲು ಮೂಗು ಸೊಟ್ಟ ಮಾಡಿದ. ಆಮೇಲೆ ಸೈಕಲ್ ಅಂಗಡಿಯವನು ಕೆಮ್ಮಿದ. ಯಜಮಾನರು "ಬಂತು, ಬಂತು" ಎಂದರು. ಮ್ಯಾನೇಜರ್ ಕೂಡ, ಮುಗ್ಗಲು ಎಂದವನು, ತಡೆಯಲಾರದೆ ಮುಖ ತಿರುಗಿಸಿದ. ಎಲ್ಲ ಮುಖಗಳೂ ಕಿವುಚಿಕೊಂಡ ಆ ಗಳಿಗೆಯಲ್ಲಿ ಒಂದು ಮುಖ ಮಾತ್ರ ಅಲ್ಲಾಡದೆ ಹಾಗೇ ಇತ್ತು. ಕ್ಯಾಮೆರಾ ಅಕ್ಕ ಸುಮ್ಮನೆ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಮರುಕ್ಷಣ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಆಮೇಲೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಇನ್ಸ್‌ಪೆಕ್ಟರ್‌ಗೆ ಕನ್ನಡಿ ನೋಡಿದ ಹಾಗಾಯಿತು. ಪಕ್ಕದವರ ಮುಖ ನೋಡಿ ತನ್ನ ಮುಖ ಸರಿಮಾಡಿಕೊಳ್ಳುವ ಆ ಒಂದು ಕ್ಷಣದ ತಡ, ಅದು ಅವರದೇ ತಡ. ಈಕೆಗೂ ವಾಸನೆ ತಿಳಿಯುವುದಿಲ್ಲ. ಮತ್ತೆ ತಲೆ ನೋಯುತ್ತದೆ ಎಂದು ಸುಳ್ಳು ಹೇಳಿದ್ದು ಯಾಕೆ?

"ಒಂದನೇ ಗೂಡಿಂದ ಬರ್ತಿದೆ," ಎಂದ ಗುಂಗುರು, ಬಗ್ಗಿ ಮೂಸಿ. "ಡ್ರೈವಿನ ಹಿಂದೆಯೇ ಬಂತು. ಗೂಡೂ ಸರಿ ಇದೆ, ಕರೆಂಟೂ ಸರಿ ಇದೆ."

ಡ್ರೈವನ್ನು ಹೊರಗೆ ತೆಗೆದು ಬಿಳಿ ಕಾಗದದ ಮೇಲಿಟ್ಟರು. ಅಡಿಯ ಹಸಿರು ಹಲಗೆಯಲ್ಲಿ ಕಪ್ಪು ಕಲೆಯಿಲ್ಲ, ಕರಗಿದ ಗುರುತಿಲ್ಲ. ಡ್ರೈವಿನ ಆರೋಗ್ಯ ಪರೀಕ್ಷೆ ಮಾಡಿದರೆ ಹೊಸ ಮದುಮಗನ ಹಾಗಿತ್ತು. ಅದನ್ನು ಹೊತ್ತಿದ್ದ ತಗಡಿನ ತಟ್ಟೆಯ ಸ್ಕ್ರೂ ಬಿಚ್ಚಿ ಮಗುಚಿದಾಗ ಗುಂಗುರು ಸಿಳ್ಳೆ ಹಾಕಿದ. ತಟ್ಟೆಯ ಬೆನ್ನಿಗೆ ಜೇನಿನ ಬಣ್ಣದ ಗಟ್ಟಿ ಪದರವೊಂದು ಹತ್ತಿತ್ತು. ಬ್ರಶ್ಶಿನ ಗೆರೆಗಳು ಕಾಣುತ್ತಿದ್ದವು, ಒಂದರ ಮೇಲೊಂದು ನಾಲ್ಕೈದು ಸಲ ಬಳಿದಿದ್ದರು. ಡ್ರೈವ್ ಬಿಸಿಯಾದಾಗ ತಟ್ಟೆ ಬಿಸಿಯಾಗಿ ಆ ಪದರ ಮೆತ್ತಗಾಗುತ್ತಿತ್ತು, ನಾರುತ್ತಿತ್ತು.

"ಇದು ಕಂಪ್ಯೂಟರಿನ ಸಾಮಾನಲ್ಲ," ಎಂದ ಗುಂಗುರು. "ಮೊನ್ನೆ ನಾನು ಡ್ರೈವ್ ಪರೀಕ್ಷೆ ಮಾಡಿದೆ, ತಟ್ಟೆ ಬಿಚ್ಚಿ ನೋಡಲೇ ಇಲ್ಲ. ಇನ್ನೊಂದು ಮೇಡಂ. ಉಳಿದ ಡ್ರೈವ್‌ಗಳು ಇಷ್ಟು ಬಿಸಿಯಾಗಲ್ಲ. ಈ ನಾಲ್ಕು ಕ್ಯಾಮೆರಾನ ಮಾತ್ರ ಯಾರೋ ಅತೀ ಹೆಚ್ಚು ಕ್ಲಾರಿಟಿಗೆ ಏರಿಸಿದ್ದಾರೆ. ಒಂದೂವರೆ ಪಟ್ಟು ಬರೀತಿದೆ. ತಿಂಗಳದ್ದು ನಿಲ್ಲಬೇಕಾದ ಕಡೆ ಮೂರು ವಾರದ್ದೂ ನಿಲ್ಲಲ್ಲ."

"ಯಾವತ್ತು ಏರಿಸಿದ್ದು? ಯಾರು?"

ಗುಂಗುರು ಪರದೆಯಲ್ಲಿ ತಡಕಾಡಿ ದಿನಾಂಕ ಹೇಳಿದ. ರ‍್ಯಾಕ್ ಬಿದ್ದ ಮಾರನೇ ದಿನ ಅದು. ಏರಿಸಲು ಬೇಕಾದ ಪಾಸ್‌ವರ್ಡ್ ಒಬ್ಬನ ಬಳಿ ಮಾತ್ರ ಇತ್ತು.

"ಹಿಂದಿನ ಸಾಲಲ್ಲಿ ಕಳ್ಳತನ ಜಾಸ್ತಿ," ಎಂದ ಮ್ಯಾನೇಜರ್, ಮುಖ ಹುಳ್ಳಗೆ ಮಾಡಿಕೊಂಡು.

"ಆ ಸಾಲಿನ ಕ್ಯಾಮೆರಾ ಕೆಟ್ಟಿತ್ತು ಅಂತ ಬರೆದುಕೊಟ್ಟಿದ್ರಿ."

"ಆಮೇಲೆ ರಿಪೇರಿ ಮಾಡಿಸಿದ್ವಿ."

"ಯಾರ ಹತ್ತಿರ?"

ಮ್ಯಾನೇಜರ್ ಗುಂಗುರುವನ್ನು ನೋಡಿದ. ಗುಂಗುರು ಛಾವಣಿ ನೋಡಿದ.

ಮಧ್ಯಾಹ್ನ ಎರಡಕ್ಕೆ ಪಂಚನಾಮೆ ಬರೆದು ಮುಗಿಯಿತು. ಡ್ರೈವ್, ತಟ್ಟೆ, ಕೆರೆದು ತೆಗೆದ ಅಂಟಿನ ಚೂರು ಎಲ್ಲವನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು ಅರಗು ಹಾಕಿದರು. ಪಂಚರು ಸಹಿ ಹಾಕುವಾಗ ಇನ್ಸ್‌ಪೆಕ್ಟರ್ ಕಣ್ಣಂಚಿನಲ್ಲೇ ಕ್ಯಾಮೆರಾ ಅಕ್ಕನನ್ನು ನೋಡಿದರು. ಸಿಕ್ಕಿಬೀಳುವ ಭಯ ಇದ್ದವರು ಅರಗಿನ ಮುದ್ರೆ ಕಂಡು ಬೆವರುತ್ತಾರೆ. ಆಕೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡದ್ದು ಇಳಿದ ಹಾಗೆ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ್ದಳು. ಇದು ಇನ್ಸ್‌ಪೆಕ್ಟರ್ ತಲೆಗೆ ಹುಳ ಬಿಟ್ಟಿತು.

ಬುಧವಾರ ಪ್ರಯೋಗಾಲಯದ ಮೊದಲ ವರದಿ ಬಂತು. ಅದು ದನದ ಮೂಳೆ, ಚರ್ಮ ಕುದಿಸಿ ಮಾಡುವ ಹಳೇ ಕಾಲದ ಅಂಟು. ಬಿಸಿ ಮಾಡಿ ಬ್ರಶ್ಶಿನಲ್ಲಿ ಹಚ್ಚುವಂಥದ್ದು. ಈಗ ಹಳೇ ಪೀಠೋಪಕರಣ ರಿಪೇರಿ ಮಾಡುವ ಕೆಲವು ಬಡಗಿಗಳ ಹತ್ತಿರ ಬಿಟ್ಟರೆ ಕಾಣಸಿಗುವುದಿಲ್ಲ.

"ಆ ಕ್ಯಾಮೆರಾ ಅಕ್ಕನ ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ, ವಿಚಾರಿಸಿಕೊಂಡು ಬಾ," ಎಂದು ಇನ್ಸ್‌ಪೆಕ್ಟರ್ ದಫೇದಾರನನ್ನು ಕಳಿಸಿದ್ದರು. ಅವನು ಊಟದ ಹೊತ್ತಿಗೆ ಓಡೋಡಿ ಬಂದ. ಊಟವನ್ನೂ ಮರೆತು ಬಂದಿದ್ದಾನೆಂದರೆ ಸುದ್ದಿ ದೊಡ್ಡದೇ ಇರಬೇಕು.

"ಅಪ್ಪ ಬಡಗಿ ಮೇಡಂ. ಹಳೇ ಕುರ್ಚಿ, ಮಂಚ ರಿಪೇರಿ ಮಾಡ್ತಾರೆ. ಮನೆ ಹಿಂದೇನೇ ಕೆಲಸದ ಕೊಟ್ಟಿಗೆ. ಅದಲ್ಲ ದೊಡ್ಡದು. ಈ ಹೆಂಗಸು ಯಾರು ಗೊತ್ತಾ? ಜೈಲಲ್ಲಿರೋ ಡ್ರೈವರ್‌ನ ಹೆಂಡತಿ. ಅಂದ್ರೆ ಹೆಂಡತಿ ಆಗಿದ್ದವಳು. ಬಿಟ್ಟು ಎಂಟು ವರ್ಷ ಆಯ್ತು. ಒಂದೇ ಗೋದಾಮಲ್ಲಿ ಕೆಲಸ, ಆದ್ರೆ ಮಾತಿಲ್ಲ ಕತೆಯಿಲ್ಲ. ಅವನು ಕೆಳಗಿಂದ ಬಂದ್ರೆ ಇವಳು ಮೆಟ್ಟಿಲ ಮೇಲೇ ನಿಲ್ತಾಳಂತೆ."

"ಯಾಕೆ ಬಿಟ್ಟಳು?"

"ಇನ್ಯಾಕೆ, ಕುಡಿತ. ಈಗ ಗೊತ್ತಾಯ್ತಲ್ಲ ಮೇಡಂ? ಹಳೇ ಸಿಟ್ಟು. ಅವನ ಪರವಾಗಿ ಏನಾದ್ರೂ ಅದರಲ್ಲಿ ಇದ್ರೆ ಸುಟ್ಟುಹೋಗಲಿ ಅಂತ ಅಂಟು ಬಳಿದಿದ್ದಾಳೆ."

"ಅಂಟಿಂದ ಡ್ರೈವ್ ಸುಡಲ್ಲ. ನಾರುತ್ತೆ ಅಷ್ಟೆ."

"ಅಷ್ಟು ಆಕೆಗೆ ಗೊತ್ತಿರಬೇಕಲ್ಲ."

"ಗೊತ್ತಿತ್ತು ಅಂತ ಕಾಣುತ್ತೆ," ಎಂದು ಇನ್ಸ್‌ಪೆಕ್ಟರ್ ಎದ್ದು, ಡ್ರೈವಿನ ನಕಲು ಸಿದ್ಧವಾಗಿದೆಯೇ ಎಂದು ಪ್ರಯೋಗಾಲಯಕ್ಕೆ ಫೋನ್ ಮಾಡಿದರು.

ಸಿದ್ಧವಾಗಿತ್ತು. ಎರಡು ದಿನ ತಡವಾಗಿದ್ದರೆ ಆ ದಿನದ ಚಿತ್ರ ಅಳಿದುಹೋಗಿರುತ್ತಿತ್ತು ಎಂದರು ಅಲ್ಲಿಯವರು. ಇನ್ಸ್‌ಪೆಕ್ಟರ್, ದಫೇದಾರ್ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ನೋಡಿದರು. ಹಿಂದಿನ ಸಾಲು ನಿಚ್ಚಳವಾಗಿ ಕಾಣುತ್ತಿತ್ತು. ಕ್ಯಾಮೆರಾ ಕೆಟ್ಟೇ ಇರಲಿಲ್ಲ. ಫೋರ್ಕ್‌ಲಿಫ್ಟ್ ರ‍್ಯಾಕಿಗೆ ಎರಡು ಮಾರು ದೂರದಲ್ಲಿ ನಿಂತಿದೆ. ಡ್ರೈವರ್ ಕೆಳಗಿಳಿದು, ರ‍್ಯಾಕಿನ ಸೊಟ್ಟಗಾದ ಕಾಲಿನತ್ತ ಕೈ ತೋರಿಸಿ ಯಾರಿಗೋ ಏನೋ ಹೇಳುತ್ತಾನೆ. ಆ ಯಾರೋ ಚಿತ್ರದೊಳಗೆ ಬರುತ್ತಾನೆ. ಮ್ಯಾನೇಜರ್. ನಡಿ ನಡಿ ಎಂಬಂತೆ ಕೈ ಬೀಸಿ ಲೋಡರ್‌ನನ್ನು ರ‍್ಯಾಕಿನ ಕೆಳಗೆ ಕಳಿಸುತ್ತಾನೆ. ಕಾಲು ಮಡಚಿಕೊಂಡು ರ‍್ಯಾಕ್ ತಾನೇ ಕುಸಿಯುತ್ತದೆ. ಮ್ಯಾನೇಜರ್ ಹಿಂದಕ್ಕೆ ಹಾರುತ್ತಾನೆ. ಡ್ರೈವರ್ ಮುಂದಕ್ಕೆ ಓಡುತ್ತಾನೆ. ಇನ್ನೂ ಬೀಳುತ್ತಿದ್ದ ಪೆಟ್ಟಿಗೆಗಳ ನಡುವೆ ನುಗ್ಗಿ, ಬೆನ್ನು ಕೊಟ್ಟು ಕಬ್ಬಿಣ ಎತ್ತಿ, ಲೋಡರ್‌ನನ್ನು ಎಳೆದು ಹೊರಗೆ ಹಾಕುತ್ತಾನೆ.

ದಫೇದಾರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಇನ್ಸ್‌ಪೆಕ್ಟರ್‌ಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಪ್ರಾಣ ಉಳಿಸಿದವನನ್ನೇ ತಮ್ಮ ಠಾಣೆ ಕೈಕೋಳ ಹಾಕಿ ಒಯ್ದಿತ್ತು.

ಸಂಜೆ ಐದಕ್ಕೆ ಇಬ್ಬರು ಪಂಚರು ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಜೊತೆ ಬಡಗಿಯ ಕೊಟ್ಟಿಗೆಗೆ ಹೋದರು. ಮೂರು ಕಾಲಿನ ಕುರ್ಚಿಗಳು, ಬೆನ್ನಿಲ್ಲದ ಬೆಂಚುಗಳು ಆಸ್ಪತ್ರೆಯ ರೋಗಿಗಳಂತೆ ಸರದಿ ಕಾಯುತ್ತಿದ್ದವು. ಮೂಲೆಯ ಒಲೆಯ ಮೇಲೆ ನೀರಿನ ಪಾತ್ರೆ, ಅದರೊಳಗೆ ಅಂಟಿನ ಡಬ್ಬಿ. ದಫೇದಾರ್ ಬಾಗಿಲಲ್ಲೇ ಕರವಸ್ತ್ರ ಹುಡುಕತೊಡಗಿದ.

"ಅಜ್ಜಾ, ಈ ವಾಸನೆಯಲ್ಲಿ ಹೇಗೆ ಕೂರ್ತೀರಿ?"

"ವಾಸನೆನಾ?" ಮುದುಕರು ಕನ್ನಡಕ ಏರಿಸಿ ಸುತ್ತಲೂ ನೋಡಿದರು. "ಎಲ್ಲಿ ಬರ್ತಿದೆ? ಚರಂಡಿ ಕಟ್ಟಿಕೊಂಡಿರಬೇಕು."

"ನಿಮ್ಮ ಮಗಳೂ ಈ ಕೊಟ್ಟಿಗೆಯಲ್ಲಿ ಕೆಲಸ ಮಾಡ್ತಾರಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಮಾಡದೆ? ಇಲ್ಲೇ ತೊಟ್ಟಿಲು ಕಟ್ಟಿ ಬೆಳೆಸಿದ್ದು. ಅಂಟು ಹಚ್ಚೋದ್ರಲ್ಲಿ ನನಗಿಂತ ಅವಳ ಕೈ ನೀಟು. ಯಾಕಮ್ಮಾ, ಏನಾಯ್ತು?"

ಹಿಂದಿನಿಂದ ಗೇಟಿನ ಸದ್ದಾಯಿತು. ಕೆಲಸದಿಂದ ಬಂದ ಕ್ಯಾಮೆರಾ ಅಕ್ಕ ಅಂಗಳದಲ್ಲೇ ನಿಂತಿದ್ದಳು. ಪೊಲೀಸರನ್ನು ಕಂಡು ಓಡುವುದಾಗಲಿ, ಅಳುವುದಾಗಲಿ ಮಾಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಅಪ್ಪಂಗೆ ಏನೂ ಗೊತ್ತಿಲ್ಲ. ನಾನೇ ಮಾಡಿದ್ದು. ಅದರಲ್ಲಿ ಇತ್ತಾ ಮೇಡಂ? ಅಳಿಸಿಹೋಗಿರಲಿಲ್ಲ ತಾನೆ?" ಎಂದು ಕೇಳಿದಳು.

"ಇತ್ತು," ಎಂದರು ಇನ್ಸ್‌ಪೆಕ್ಟರ್.

ಆಗ ಆಕೆ ಒಂದು ಮುರುಕು ಬೆಂಚಿನ ಮೇಲೆ ಕುಕ್ಕರಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀವು ಅವತ್ತು ನೋಡಿದ್ರಾ?"

"ಪರದೆ ಮುಂದೆ ನಾನೇ ಇದ್ದೆ. ಎಲ್ಲಾ ನೋಡಿದೆ. ಮಾರನೇ ದಿನ ಮ್ಯಾನೇಜರ್ ಕ್ಯಾಮೆರಾ ಏರಿಸಿ, ಇದು ನಿನ್ನ ಕೆಲಸ ಅಲ್ಲ ಅಂದ್ರು. ಬೇಗ ಅಳಿಸೋಕೆ ಅಂತ ಗೊತ್ತಾಯ್ತು. ಹಿಂದಿನದು ತೆಗೆದು ನೋಡೋಕೆ ಪಾಸ್‌ವರ್ಡ್ ನನಗೆ ಕೊಟ್ಟಿಲ್ಲ, ಮೊಬೈಲು ಗೇಟಲ್ಲೇ ಇಸ್ಕೊಳ್ತಾರೆ. ಕದ್ದು ತಂದ್ರೆ, ಕದ್ದ ಡ್ರೈವನ್ನ ಕೋರ್ಟಲ್ಲಿ ಯಾರು ನಂಬ್ತಾರೆ? ವಾಸನೆ ಬಂದ್ರೆ ಕಿತ್ತು ಯಜಮಾನರ ಪೆಟ್ಟಿಗೆಗೆ ಹಾಕ್ತಾರಲ್ಲ, ಅಲ್ಲಿದ್ರೆ ಮ್ಯಾನೇಜರ್ ಕೈಗೆ ಸಿಗಲ್ಲ ಅಂತ ಅಂದುಕೊಂಡೆ. ಟೀ ಫ್ಲಾಸ್ಕಲ್ಲಿ ಬಿಸಿ ಅಂಟು ತಂದು, ತಟ್ಟೆ ಬಿಚ್ಚಿ ಹಚ್ಚಿದೆ."

"ಅವನು ಕೀಳಲಿಲ್ಲ."

"ಇಲ್ಲ. ನನಗೇನೋ ವಾಸನೆಯೇ ಬರ್ತಿರಲಿಲ್ಲ. ಸಾಲದೇನೋ ಅಂತ ಇನ್ನೊಂದು ಸಲ ಹಚ್ಚಿದೆ. ಮತ್ತೂ ಹಚ್ಚಿದೆ. ಅಷ್ಟು ನಾರ್ತಿದೆ ಅಂತ ಗೊತ್ತಾಗಿದ್ದು ಇನ್ಶೂರೆನ್ಸಿನವರು ಓಡಿಹೋದಾಗಲೇ."

ದಫೇದಾರ್‌ಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡ.

"ಇಷ್ಟೆಲ್ಲಾ ಯಾಕಮ್ಮಾ? ನೇರವಾಗಿ ಠಾಣೆಗೆ ಬಂದು ಹೇಳಬಹುದಿತ್ತಲ್ಲ?"

"ಬಂದಿದ್ದೆ. ನೀವಿರಲಿಲ್ಲ. ಅವನ ಹೆಂಡತಿಯಾಗಿದ್ದೆ ಅಂದ ತಕ್ಷಣ ಅಲ್ಲಿದ್ದವರು ನಕ್ಕರು. ಬಿಟ್ಟ ಗಂಡ ವಾಪಸ್ ಬೇಕಾ ಅಂದರು. ಕ್ಯಾಮೆರಾ ಕೆಟ್ಟಿತ್ತು ಅಂತ ಬರೆದುಕೊಟ್ಟಿದ್ದಾರೆ, ನೀನೇನು ನೋಡ್ತೀಯ ಹೋಗು ಅಂದರು."

ಇನ್ಸ್‌ಪೆಕ್ಟರ್ ದಫೇದಾರ್ ಕಡೆ ತಿರುಗಿದರು. ಅವನು ತಲೆ ಎತ್ತಲಿಲ್ಲ. ಆಕೆಯ ಮುಖವನ್ನೂ ನೋಡದೆ ನಕ್ಕು, ಆ ಗಳಿಗೆಯೇ ಮರೆತವರಲ್ಲಿ ಅವನೂ ಇದ್ದ.

ಅಂಟಿನ ಡಬ್ಬಿ, ಬ್ರಶ್ಶು ಜಪ್ತಿಯಾದವು. ಸಂಜೆ ಆರೂಕಾಲಕ್ಕೆ ಯಜಮಾನರ ಆಸ್ತಿಗೆ ಹಾನಿ ಮಾಡಿದ ಆರೋಪದಲ್ಲಿ ಆಕೆಯ ಬಂಧನವಾಯಿತು. ಅದಕ್ಕೆ ಮೊದಲೇ, ಗೋದಾಮಿನಿಂದ ಮನೆಗೆ ಹೊರಟಿದ್ದ ಮ್ಯಾನೇಜರನ್ನು ಇನ್ನೊಂದು ತಂಡ ಗೇಟಿನಲ್ಲೇ ಹಿಡಿದಿತ್ತು. ಸುಳ್ಳು ಹೇಳಿಕೆ, ಸಾಕ್ಷ್ಯನಾಶದ ಯತ್ನ, ಲೋಡರ್‌ನ ಕಾಲು ಮೂರೂ ಅವನ ಲೆಕ್ಕಕ್ಕೆ ಬಂದವು. ಡ್ರೈವರ್‌ನ ಬಿಡುಗಡೆಗೆ ಬೆಳಗ್ಗೆಯೇ ಕೋರ್ಟಿಗೆ ವರದಿ ಹೋಗಬೇಕಿತ್ತು. ಇನ್ಸ್‌ಪೆಕ್ಟರ್ ಅದನ್ನು ರೈಟರ್ ಕೈಗೆ ಕೊಡದೆ ತಾವೇ ಕೂತು ಬರೆದರು.

ಜಾಮೀನಿನ ಕಾಗದ ಸಿದ್ಧವಾಗುವ ತನಕ ಆಕೆ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಕೇಸಿನ ಕಡತಕ್ಕೆ ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಕಡತಕ್ಕಿಂತ ಹೆಚ್ಚಾಗಿ ಅದು ಇನ್ಸ್‌ಪೆಕ್ಟರ್‌ಗೇ ಬೇಕಾಗಿತ್ತು.

"ಅವನ ಮೇಲೆ ಇನ್ನೂ ಮನಸ್ಸಿದೆಯಾ?"

"ಇಲ್ಲ ಮೇಡಂ." ಉತ್ತರ ಥಟ್ಟನೆ ಬಂತು. "ಅವನು ಕುಡಿದು ಬಂದ ಒಂದು ರಾತ್ರಿಯನ್ನೂ ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ವಾಪಸ್ ಬಾ ಅಂದ್ರೂ ಹೋಗಲ್ಲ."

"ಮತ್ತೆ?"

ಆಕೆ ಬೆರಳಿಗೆ ಹತ್ತಿದ್ದ ಅಂಟಿನ ಚೂರನ್ನು ಉಗುರಿನಿಂದ ಕೆರೆದಳು.

"ಅವನನ್ನ ದಿನಾ ಪರದೆಯಲ್ಲಿ ನೋಡ್ತೀನಿ. ಬೇಡ ಅಂದ್ರೂ ಕಾಣ್ತಾನೆ, ನನ್ನ ಕೆಲಸವೇ ಅದು. ಕುಡಿದಾಗ ಅವನು ಹೇಗೆ ನಡೀತಾನೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ವರ್ಷದಿಂದ ಅವನು ಒಂದು ದಿನವೂ ಹಾಗೆ ನಡೆದಿಲ್ಲ. ನಾನಿದ್ದಾಗ ಬಿಡಲಿಲ್ಲ, ನಾನು ಹೋದ ಮೇಲೆ ಬಿಟ್ಟ. ಅದಕ್ಕೆ ನನಗೆ ಹೊಟ್ಟೆ ಉರಿದಿದೆ. ಒಬ್ಬಳೇ ಕೂತು ಅತ್ತಿದ್ದೀನಿ. ಆದರೂ ಬಿಟ್ಟಿದ್ದಾನೆ, ಅದು ನಿಜ. ಅವನು ಕುಡಿದಿದ್ದಕ್ಕೆ ನಾನು ಮನೆ ಬಿಟ್ಟೆ ಮೇಡಂ. ಕುಡಿದರೂ ಕುಡುಕ, ಕುಡೀದೇ ಇದ್ದರೂ ಕುಡುಕ ಅಂತಾದ್ರೆ, ನಾನು ಬಿಟ್ಟು ಬಂದಿದ್ದು ಯಾತಕ್ಕೆ?"

ಇನ್ಸ್‌ಪೆಕ್ಟರ್ ಪೆನ್ನು ಎತ್ತಿಕೊಂಡರು. ಕಡತದಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ, 'ತಾನು ಕಣ್ಣಾರೆ ಕಂಡ ನಿಜ ಅಳಿಸಿಹೋಗದಿರಲೆಂದು' ಎಂದಷ್ಟೇ ಬರೆದರು. ಆಮೇಲೆ ಕಾಗದವನ್ನು ಆಕೆಯ ಕಡೆ ಸರಿಸಿ, ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರು.